ಹಳೆಯ ನೋಡ್ ತಲೆಯಾಡಿಸಿದರೆ ಸಾಕೇ?

ಬಿಟ್‌ಕಾಯಿನ್‌ನ ನಿಯಮ ಬದಲಿಸುವ ಪ್ರಸ್ತಾಪ ಬಂದಾಗಲೆಲ್ಲ ಒಂದು ಮಾತು ಚರ್ಚೆಯಿಲ್ಲದೆ ಪಾಸಾಗಿಬಿಡುತ್ತದೆ. ಸಾಫ್ಟ್ ಫೋರ್ಕ್ ಆದರೆ ಹೆದರಬೇಕಿಲ್ಲ, ಅದು ಹಳೆಯ ತಂತ್ರಾಂಶದ ಜೊತೆ ಹೊಂದಿಕೊಂಡು ಹೋಗುತ್ತದೆ. ಹಾರ್ಡ್ ಫೋರ್ಕ್ ಆದರೆ ಅಪಾಯ, ಅದು ಹಳೆಯದನ್ನು ಮುರಿದುಹಾಕುತ್ತದೆ. ಹೊಸದಾಗಿ ಕಲಿಯಲು ಬಂದವರಿಗೆ ಶುರುವಿನಲ್ಲೇ ಈ ಪಾಠ ಆಗುತ್ತದೆ. ಅನುಭವಿ ಡೆವಲಪರ್‌ಗಳೂ ಇದನ್ನೇ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಪಾಠ ಅರ್ಧ ಸತ್ಯ. ಜನರ ದುಡ್ಡು ಇರುವುದು ಅದು ಹೇಳದೆ ಬಿಟ್ಟ ಇನ್ನರ್ಧದಲ್ಲಿ.

ಹೊಂದಿಕೊಂಡಿತು ಎಂದರೆ ಯಾವುದು ಯಾವುದರ ಜೊತೆ ಹೊಂದಿಕೊಂಡಿತು ಎಂದು ಕೇಳಬೇಕಲ್ಲವೇ? ಹಳೆಯ ಪ್ರೋಗ್ರಾಂ ನಿಲ್ಲದೆ ಓಡುತ್ತಿದೆ ಎಂಬುದು ಒಂದು ವಿಷಯ. ಹಳೆಯ ನಾಣ್ಯ ಇಟ್ಟುಕೊಂಡವರು ಅದನ್ನು ಮೊದಲಿನಂತೆಯೇ ಖರ್ಚು ಮಾಡಬಲ್ಲರು, ಹಳೆಯ ನೋಡ್ ನಡೆಸುವವರು ಮೊದಲಿನಂತೆಯೇ ಸರಿ-ತಪ್ಪು ತೀರ್ಮಾನಿಸಬಲ್ಲರು ಎಂಬುದು ಬೇರೆಯೇ ವಿಷಯ. ಹಣದ ವ್ಯವಸ್ಥೆಯಲ್ಲಿ ಬೆಲೆ ಇರುವುದು ಎರಡನೆಯದಕ್ಕೆ. ಚಾಲ್ತಿಯಲ್ಲಿರುವ ಅಭಿಪ್ರಾಯ ಮೊದಲನೆಯದನ್ನು ಮಾತ್ರ ಅಳೆದು, ಎರಡನೆಯದೂ ದಕ್ಕಿತು ಎಂದು ಘೋಷಿಸುತ್ತದೆ.

ವಿಷಯಕ್ಕೆ ಹೊಸಬರಾದ ಓದುಗರಿಗಾಗಿ ಎರಡು ಮಾತು. ನೋಡ್ ಎಂದರೆ ಯಾರ ಮಾತನ್ನೂ ನಂಬದೆ, 2009ರ ಜನವರಿಯ ಮೊದಲ ಬ್ಲಾಕಿನಿಂದ ಹಿಡಿದು ಈ ಕ್ಷಣದವರೆಗಿನ ಪ್ರತಿ ವಹಿವಾಟನ್ನೂ ತಾನೇ ಪರೀಕ್ಷಿಸುವ ಕಂಪ್ಯೂಟರ್. ಯಾವ ಬ್ಯಾಂಕನ್ನೂ ನಂಬಬೇಕಿಲ್ಲ ಎಂಬ ಬಿಟ್‌ಕಾಯಿನ್‌ನ ಹೆಮ್ಮೆ ನಿಂತಿರುವುದು ಈ ಪರೀಕ್ಷೆಯ ಮೇಲೆ. ನಿನ್ನೆಯವರೆಗೆ ಸರಿಯಾಗಿದ್ದ ಯಾವುದೋ ಒಂದನ್ನು ಇವತ್ತಿನಿಂದ ತಪ್ಪು ಎಂದು ಸಾರಿ ನಿಯಮವನ್ನು ಬಿಗಿ ಮಾಡಿದರೆ ಅದು ಸಾಫ್ಟ್ ಫೋರ್ಕ್. ನಿನ್ನೆಯವರೆಗೆ ತಪ್ಪಾಗಿದ್ದುದನ್ನು ಸರಿ ಎಂದು ಸಡಿಲಿಸಿದರೆ ಹಾರ್ಡ್ ಫೋರ್ಕ್. ಬಿಗಿಯಾದ ನಿಯಮಕ್ಕೆ ಒಳಪಟ್ಟ ಬ್ಲಾಕ್ ಸಡಿಲ ನಿಯಮಕ್ಕೂ ಒಳಪಟ್ಟೇ ಇರುತ್ತದೆ. ಹಾಗಾಗಿ ಸಾಫ್ಟ್ ಫೋರ್ಕ್ ಆದಾಗ ಹಳೆಯ ನೋಡ್ ಏನೂ ಗಮನಿಸದೆ ಮುಂದೆ ಸಾಗುತ್ತದೆ. ಹೊಸ ಬ್ಲಾಕ್ ಕಟ್ಟುವ ಮೈನಿಂಗ್ ಬಲದ ಬಹುಪಾಲು ಹೊಸ ನಿಯಮದ ಹಿಂದೆ ನಿಂತಿದ್ದರೆ ಬ್ಲಾಕ್‌ಗಳ ಸರಪಳಿ ಒಡೆಯುವುದಿಲ್ಲ. ಹೊಂದಾಣಿಕೆ ಎಂದು ಕೊಂಡಾಡುವುದು ಇದನ್ನೇ.

ಆ ಹೊಂದಾಣಿಕೆಯನ್ನು ಹತ್ತಿರದಿಂದ ನೋಡೋಣ. ಸೆಗ್‌ವಿಟ್ ಎಂಬ ಬದಲಾವಣೆ 2017ರ ಆಗಸ್ಟ್ 24ರಂದು, 481824ನೇ ಬ್ಲಾಕಿನಿಂದ ಜಾರಿಗೆ ಬಂತು. ಸೆಗ್‌ವಿಟ್‌ನ ಅತಿ ಸರಳ ವಿಳಾಸಕ್ಕೆ ಹಣ ಕಳಿಸಿದಾಗ ಆ ಹಣಕ್ಕೆ ಬೀಳುವ ಬೀಗ 22 ಬೈಟ್ ಉದ್ದದ್ದು. ಮೊದಲ ಬೈಟ್ ಸೊನ್ನೆ. ಮುಂದೆ 20 ಬೈಟ್ ಬರಲಿದೆ ಎಂದು ಎರಡನೆಯದು ಹೇಳುತ್ತದೆ. ಆಮೇಲಿನ 20 ಬೈಟ್, ಮಾಲೀಕರ ಸಾರ್ವಜನಿಕ ಕೀಯ ಹ್ಯಾಶ್. ಹೊಸ ನೋಡ್ ಈ ರೂಪವನ್ನು ಕಂಡ ಕೂಡಲೇ ಗುರುತಿಸಿ, ವಿಟ್‌ನೆಸ್ ಎಂಬ ಪ್ರತ್ಯೇಕ ಭಾಗದಲ್ಲಿರುವ ಸಹಿಯನ್ನು ತೆಗೆದು ತಾಳೆ ನೋಡುತ್ತದೆ. ಹಳೆಯ ನೋಡ್ ಏನು ಮಾಡುತ್ತದೆ? ಸೊನ್ನೆಯನ್ನು ಸ್ಟ್ಯಾಕ್‌ನಲ್ಲಿ ಇಡುತ್ತದೆ. ಅದರ ಮೇಲೆ 20 ಬೈಟ್ ಇಡುತ್ತದೆ. ಸ್ಕ್ರಿಪ್ಟ್ ಅಲ್ಲಿಗೆ ಮುಗಿಯಿತು. ಮೇಲೆ ಉಳಿದದ್ದು ಸೊನ್ನೆಯಲ್ಲದ ಬೆಲೆಯೇ? ಹೌದು. ಹಾಗಾದರೆ ಖರ್ಚು ಸರಿಯಾಗಿದೆ, ಮುಂದಕ್ಕೆ ಹೋಗಲಿ. ಸಹಿ ಎಲ್ಲಿ ಎಂದು ಅದು ಕೇಳುವುದಿಲ್ಲ. ಸಹಿ ಇರುವ ಭಾಗವನ್ನು ಅದಕ್ಕೆ ಕಳಿಸುವುದೂ ಇಲ್ಲ.

ಹಳೆಯ ನೋಡ್‌ನ ಲೆಕ್ಕದಲ್ಲಿ ಆ ಹಣ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಹಣ. ಯಾರೋ ಒಬ್ಬರು ಎತ್ತಿಕೊಂಡಾಗ ಅದು ತಲೆಯಾಡಿಸುತ್ತದೆ. ಎತ್ತಿಕೊಂಡವರು ನಿಜವಾದ ಮಾಲೀಕರೇ ಎಂಬುದನ್ನು ಪರೀಕ್ಷಿಸುವ ಶಕ್ತಿ ಅದಕ್ಕಿಲ್ಲ. ಆ ಕೆಲಸವನ್ನು ಬೇರೆಯವರು ಮಾಡಿದ್ದಾರೆ ಎಂಬ ನಂಬಿಕೆಯ ಮೇಲೆ, ಅದನ್ನೂ ತನಗೆ ಗೊತ್ತಿಲ್ಲದ ಹಾಗೆ, ಅದು ನಡೆಯುತ್ತಿರುತ್ತದೆ. ಯಾರನ್ನೂ ನಂಬಬಾರದೆಂದೇ ಹುಟ್ಟಿಕೊಂಡ ಯಂತ್ರವನ್ನು ನಂಬುವ ಯಂತ್ರವಾಗಿ ಮಾರ್ಪಡಿಸಿ, ಅದರ ಒಡೆಯರಿಗೆ ಸುದ್ದಿಯನ್ನೂ ಮುಟ್ಟಿಸದೆ, ಹಳೆಯದಕ್ಕೆ ಏನೂ ಆಗಿಲ್ಲ ಎನ್ನುವುದನ್ನು ನಾನು ಹೇಗೆ ಒಪ್ಪಲಿ?

ಸೆಗ್‌ವಿಟ್ ರೂಪಿಸಿದವರು ಇದನ್ನು ಬಚ್ಚಿಡಲಿಲ್ಲ ಎಂಬುದನ್ನು ಹೇಳಲೇಬೇಕು. ಬಿಐಪಿ 141 ಎಂಬ ಆ ಪ್ರಸ್ತಾವದಲ್ಲೇ, ನವೀಕರಿಸದ ನೋಡ್‌ಗಳು ವಿಟ್‌ನೆಸ್ ಭಾಗವನ್ನು ನೋಡುವುದೂ ಇಲ್ಲ, ಪರೀಕ್ಷಿಸುವುದೂ ಇಲ್ಲ, ಅಂಥ ವಹಿವಾಟನ್ನು ಸರಿಯೆಂದೇ ಭಾವಿಸುತ್ತವೆ ಎಂದು ಬರೆದಿದ್ದಾರೆ. ನನ್ನ ಜಗಳ ಆ ಪ್ರಸ್ತಾವದ ಜೊತೆಗಲ್ಲ. ಅಲ್ಲಿ ಬರೆದಿದ್ದ ಎಚ್ಚರಿಕೆ ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಗಿ, ‘ಹೊಂದಿಕೊಳ್ಳುತ್ತದೆ’ ಎಂಬ ಒಂದೇ ಮಾತು ಉಳಿದುಕೊಂಡಿತಲ್ಲ, ಜಗಳ ಅದರ ಜೊತೆಗೆ.

ಬೀಗದ ಈ ವಿಚಾರ ಬರೀ ತರ್ಕವಲ್ಲ ಎಂಬುದಕ್ಕೆ ಬಿಟ್‌ಕಾಯಿನ್ ಕ್ಯಾಶ್ ಸಾಕ್ಷಿ. 2017ರ ಆಗಸ್ಟ್ 1ರಂದು ಬೇರೆಯಾದ ಆ ಸರಪಳಿಯಲ್ಲಿ ಸೆಗ್‌ವಿಟ್ ನಿಯಮವಿಲ್ಲ. ಗೊತ್ತಿಲ್ಲದೆ ಸೆಗ್‌ವಿಟ್ ವಿಳಾಸಗಳಿಗೆ ಬಿಟ್‌ಕಾಯಿನ್ ಕ್ಯಾಶ್ ಕಳಿಸಿದವರ ಹಣ ಅಲ್ಲಿ ಬೀಗವೇ ಇಲ್ಲದೆ ಕುಳಿತಿತ್ತು. 2019ರ ಮೇ ತಿಂಗಳಲ್ಲಿ ಒಬ್ಬ ಅನಾಮಿಕ ಮೈನರ್ ಅದನ್ನು ಬಾಚಿಕೊಳ್ಳಲು ಹೊರಟಾಗ, ದೊಡ್ಡ ಮೈನಿಂಗ್ ಪೂಲ್‌ಗಳು ಸೇರಿ ಆ ಬ್ಲಾಕ್‌ಗಳನ್ನು ಸರಪಳಿಯಿಂದ ಕಿತ್ತುಹಾಕಿದವು. ಬಿಟ್‌ಕಾಯಿನ್‌ನ ಹಳೆಯ ನೋಡ್ ಕಣ್ಣಿಗೆ ಸೆಗ್‌ವಿಟ್ ಹಣ ಇವತ್ತಿಗೂ ಕಾಣುವುದು ಹೀಗೆ ಬೀಗವಿಲ್ಲದ ಹಣವಾಗಿಯೇ.

ಇದಕ್ಕೊಂದು ಸಿದ್ಧ ಉತ್ತರವಿದೆ. ಹೊಸ ಸೌಲಭ್ಯ ಐಚ್ಛಿಕ, ಬೇಡವಾದವರು ಬಳಸದಿದ್ದರಾಯಿತು, ಹಳೆಯ ವಿಳಾಸದಲ್ಲೇ ಹಣ ಇಟ್ಟುಕೊಂಡವರಿಗೆ ಏನು ತೊಂದರೆ? ಕೇಳಲು ಸರಿಯೆನಿಸುತ್ತದೆ. ಆದರೆ ಹಣ ಒಬ್ಬರ ಪೆಟ್ಟಿಗೆಯಲ್ಲೇ ಹುಟ್ಟಿ ಅಲ್ಲೇ ಸಾಯುವ ವಸ್ತುವಲ್ಲ, ಅದು ಕೈಯಿಂದ ಕೈಗೆ ಬರುತ್ತದೆ. ನಾನು ಹಳೆಯ ವಿಳಾಸವನ್ನೇ ಕೊಡುತ್ತೇನೆ ಎಂದುಕೊಳ್ಳಿ. ನನಗೆ ಕೊಡುವವರು ಸೆಗ್‌ವಿಟ್ ವಿಳಾಸದಿಂದ ತೆಗೆದು ಕೊಡುತ್ತಾರೆ. ಅವರಿಗೆ ಕೊಟ್ಟವರು, ಅವರಿಗಿಂತ ಹಿಂದಿನವರು ಟ್ಯಾಪ್‌ರೂಟ್ ವಿಳಾಸದಿಂದ ತಂದಿರಬಹುದು. 2021ರ ನವೆಂಬರ್ 14ರಂದು ಜಾರಿಗೆ ಬಂದ ಟ್ಯಾಪ್‌ರೂಟ್ ಕೂಡ ಹಳೆಯ ನೋಡ್‌ಗೆ ಇದೇ ರೀತಿ ಅರ್ಥವಾಗದ ಬೀಗ. ನನ್ನ ಕೈಗೆ ಬಂದ ಹಣದ ವಂಶಾವಳಿಯ ಒಂದು ಕೊಂಡಿಯನ್ನು ನನ್ನ ನೋಡ್ ಪರೀಕ್ಷಿಸಲಾರದು ಎಂದಾದ ಮೇಲೆ ಆ ಹಣವನ್ನು ನಾನು ಪರೀಕ್ಷಿಸಿ ಪಡೆದೆ ಎನ್ನಲಾಗದು. ಐಚ್ಛಿಕವಾಗಿದ್ದುದು ಕಳಿಸುವವರಿಗೆ, ಪಡೆಯುವವರಿಗೆ ಆಯ್ಕೆ ಇರಲಿಲ್ಲ.

ಇದರಿಂದ ಯಾರಾದರೂ ನಷ್ಟಪಟ್ಟಿದ್ದಾರೆಯೇ ಎಂದು ಕೇಳುವವರಿಗೆ 2015ರ ಜುಲೈ 4ರ ಬೆಳಗಿನ ಜಾವವನ್ನು ನೆನಪಿಸಬೇಕು. ಆಗ ಜಾರಿಗೆ ಬರಬೇಕಿದ್ದದ್ದು ಬಿಐಪಿ 66. ಸಹಿಯನ್ನು ಬೈಟ್‌ಗಳಲ್ಲಿ ಬರೆಯುವ ಕ್ರಮ ಇಂಥದ್ದೇ ಇರಬೇಕು, ಸಡಿಲ ರೂಪಗಳನ್ನು ಒಪ್ಪುವಂತಿಲ್ಲ ಎಂಬುದಷ್ಟೇ ಆ ನಿಯಮ. ಅದರ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ಹೊರಗಿನ ಲೈಬ್ರರಿ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ತೀರ್ಪು ಕೊಡುವ ಅಪಾಯವಿತ್ತು, ಅದನ್ನು ಮುಚ್ಚಲೇಬೇಕಿತ್ತು. ಹಿಂದಿನ 1000 ಬ್ಲಾಕ್‌ಗಳಲ್ಲಿ 950 ಬ್ಲಾಕ್‌ಗಳು ಹೊಸ ನಿಯಮಕ್ಕೆ ಸಿದ್ಧ ಎಂಬ ಗುರುತು ಹೊತ್ತು ಬಂದರೆ ನಿಯಮ ಜಾರಿ ಎಂದು ಮೊದಲೇ ಗೊತ್ತುಮಾಡಿದ್ದರು. ಆ ದಿನ ಎಣಿಕೆ ತುಂಬಿತು. ಸ್ವಲ್ಪ ಹೊತ್ತಿನಲ್ಲೇ, ನವೀಕರಿಸದೆ ಉಳಿದಿದ್ದ ಸಣ್ಣ ಮೈನರ್ ಒಬ್ಬರು ಹೊಸ ನಿಯಮದ ಪ್ರಕಾರ ಅಸಿಂಧುವಾದ ಬ್ಲಾಕ್ ಒಂದನ್ನು ತೆಗೆದರು. ಅದು ನಿರೀಕ್ಷಿತವೇ. ನೂರಕ್ಕೆ 95 ಭಾಗ ಬಲ ಎದುರಿಗಿರುವಾಗ ಅಂಥ ಬ್ಲಾಕ್ ಅಲ್ಲೇ ಬಿದ್ದುಹೋಗಬೇಕಿತ್ತು.

ಬೀಳಲಿಲ್ಲ. ಸಿದ್ಧ ಎಂದು ಗುರುತು ಹಾಕಿದವರ ಪೈಕಿ ದೊಡ್ಡ ಪೂಲ್‌ಗಳು ಹಿಂದಿನ ಬ್ಲಾಕನ್ನು ಪೂರ್ತಿ ಪರೀಕ್ಷಿಸುವ ಗೋಜಿಗೇ ಹೋಗದೆ, ಅದರ ಹೆಡರ್ ಸಿಕ್ಕಿದ ಕೂಡಲೇ ಮುಂದಿನದನ್ನು ಹುಡುಕಲು ತೊಡಗುತ್ತಿದ್ದವು. ಜಾಲದ ಸುಮಾರು ಅರ್ಧದಷ್ಟು ಬಲ ಹೀಗೆ ನಡೆಯುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ, ಅಸಿಂಧು ಬ್ಲಾಕಿನ ಮೇಲೆ ಒಂದಾದ ಮೇಲೊಂದು ಬ್ಲಾಕ್ ಕೂತು ಆರು ಬ್ಲಾಕ್‌ಗಳ ಸರಪಳಿಯೇ ಬೆಳೆಯಿತು. ಆರು ದೃಢೀಕರಣ ಆಯಿತೆಂದರೆ ಹಣ ಕೈಸೇರಿತು ಎಂಬುದು ಬಿಟ್‌ಕಾಯಿನ್ ವ್ಯಾಪಾರದ ಹಳೆಯ ರೂಢಿ. ಆ ಹೊತ್ತಿನಲ್ಲಿ ಹಳೆಯ ನೋಡ್ ಇಟ್ಟುಕೊಂಡಿದ್ದ ವ್ಯಾಪಾರಿಯ ಪರದೆಯ ಮೇಲೆ ಆರು ದೃಢೀಕರಣಗಳು ಬಂದವು. ಆಮೇಲೆ ಸರಿಯಾದ ಸರಪಳಿ ಮುಂದೆ ಹೋಗಿ, ಆ ಆರೂ ಅಳಿಸಿಹೋದವು. ಮರುದಿನ ಇನ್ನೊಮ್ಮೆ, ಚಿಕ್ಕ ಪ್ರಮಾಣದಲ್ಲಿ, ಹೀಗೇ ಆಯಿತು. ಮೈನರ್‌ಗಳ ನಷ್ಟವೇ 50,000 ಡಾಲರ್ ದಾಟಿತು. ಹಳೆಯ ಆವೃತ್ತಿಯನ್ನೂ ಹಗುರ ವಾಲೆಟ್‌ಗಳನ್ನೂ ಬಳಸುವವರು ಎಂದಿಗಿಂತ 30 ದೃಢೀಕರಣ ಹೆಚ್ಚು ಕಾಯಬೇಕು ಎಂದು ಬಹಿರಂಗ ಎಚ್ಚರಿಕೆ ಕೊಡಬೇಕಾಯಿತು. ಮೂವತ್ತು ಬ್ಲಾಕ್ ಎಂದರೆ ಐದು ಗಂಟೆ.

ಈ ಘಟನೆಯನ್ನು ಪೂಲ್‌ಗಳ ಸೋಮಾರಿತನದ ಕತೆ ಎಂದು ಬದಿಗೆ ಸರಿಸುವವರಿದ್ದಾರೆ. ಸೋಮಾರಿತನ ಇತ್ತು, ನಿಜ. ಆದರೆ ಆ ಸೋಮಾರಿತನದ ಬೆಲೆ ತೆರುವ ಸ್ಥಿತಿಗೆ ಹಳೆಯ ನೋಡ್ ಬಂದದ್ದು ಹೇಗೆ? ಹಿಂದಿನ ದಿನದವರೆಗೆ ಅದು ಮೈನರ್‌ಗಳ ಪ್ರಾಮಾಣಿಕತೆಯನ್ನು ಅವಲಂಬಿಸದೆ ತಾನೇ ತಪ್ಪು ಹಿಡಿಯುತ್ತಿತ್ತು. ಆ ಬೆಳಗಿನಿಂದ ಹೊಸ ನಿಯಮದ ವಿಚಾರದಲ್ಲಿ ಅದರ ಕಣ್ಣು ಕುರುಡು, ಕೈಹಿಡಿದು ನಡೆಸುವವರು ಮೈನರ್‌ಗಳು. ಅವರು ಎಡವಿದರು, ಅದೂ ಎಡವಿತು. ನಿಯಮ ಹಾರ್ಡ್ ಫೋರ್ಕ್ ರೂಪದಲ್ಲಿ ಬಂದಿದ್ದರೆ ಹಳೆಯ ನೋಡ್ ಹೊಸ ಬ್ಲಾಕ್‌ಗಳನ್ನು ಒಪ್ಪದೆ ನಿಂತುಬಿಡುತ್ತಿತ್ತು, ಅದರ ಒಡೆಯರು ಏನಾಯಿತೆಂದು ನೋಡಲು ಓಡಿ ಬರುತ್ತಿದ್ದರು, ಅಲ್ಲಿಯವರೆಗೆ ಯಾವ ಹಣವನ್ನೂ ಬಂತು ಎಂದು ಅದು ಹೇಳುತ್ತಿರಲಿಲ್ಲ. ನಿಂತ ಗಡಿಯಾರಕ್ಕಿಂತ ತಪ್ಪು ಸಮಯ ತೋರಿಸುವ ಗಡಿಯಾರ ಹೆಚ್ಚು ಅಪಾಯಕಾರಿ; ನಿಂತದ್ದನ್ನು ನೋಡಿದವರು ಇನ್ನೊಬ್ಬರನ್ನಾದರೂ ಕೇಳುತ್ತಾರೆ.

ಇಲ್ಲಿಂದ ವಾದ ಇನ್ನೂ ಆಳಕ್ಕೆ ಹೋಗುತ್ತದೆ. ಬಿಟ್‌ಕಾಯಿನ್‌ನ ಒಟ್ಟು ಸಂಖ್ಯೆ 2.1 ಕೋಟಿ ಮೀರುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇವಲ್ಲ, ಆ ಧೈರ್ಯ ಎಲ್ಲಿಂದ ಬಂತು? ಹೆಚ್ಚು ನಾಣ್ಯ ಸೃಷ್ಟಿಸುವ ಬ್ಲಾಕ್ ಬಂದರೆ ಮೈನರ್‌ಗಳೆಲ್ಲ ಒಂದಾಗಿ ಒಪ್ಪಿದರೂ ಮನೆಯ ಮೂಲೆಯಲ್ಲಿರುವ ನೋಡ್ ಅದನ್ನು ತಿರಸ್ಕರಿಸುತ್ತದೆ ಎಂಬುದರಿಂದ. ತಿರಸ್ಕರಿಸುವ ಈ ಅಧಿಕಾರವೇ ಸಾಮಾನ್ಯ ಬಳಕೆದಾರರ ಮತ. ಹಾರ್ಡ್ ಫೋರ್ಕ್ ಆ ಮತವನ್ನು ಕೇಳಲೇಬೇಕು. ಹೊಸ ತಂತ್ರಾಂಶ ಹಾಕಿಕೊಳ್ಳದಿದ್ದರೆ ನಾನು ಬರುವುದಿಲ್ಲ ಎಂದರ್ಥ. ಸಾಫ್ಟ್ ಫೋರ್ಕ್‌ಗೆ ಆ ಮತ ಬೇಕಿಲ್ಲ, ಏಕೆಂದರೆ ನೋಡ್ ಏನನ್ನೂ ತಿರಸ್ಕರಿಸದಂತೆಯೇ ಅದರ ರಚನೆ. ಬಹುಪಾಲು ಮೈನಿಂಗ್ ಬಲ ಕೂಡಿಕೊಂಡು ಇಂಥ ವಿಳಾಸಗಳ ಹಣ ಇನ್ನು ಚಲಿಸಕೂಡದು ಎಂದು ತೀರ್ಮಾನಿಸಿದರೂ ಅದು ಸಾಫ್ಟ್ ಫೋರ್ಕೇ. ನಾಳೆಯಿಂದ ಬ್ಲಾಕ್‌ಗಳೆಲ್ಲ ಖಾಲಿ ಇರಬೇಕು ಎಂದರೂ ಸಾಫ್ಟ್ ಫೋರ್ಕೇ. ಹಳೆಯ ನೋಡ್ ಎಲ್ಲಕ್ಕೂ ಹೂಂ ಎನ್ನುತ್ತದೆ. ಯಾರ ಹಣವನ್ನು ಕಟ್ಟಿಹಾಕಿದರೂ ‘ಹೊಂದಿಕೊಳ್ಳುತ್ತದೆ’ ಎಂಬ ಪ್ರಮಾಣಪತ್ರ ಸಿಗುವುದಾದರೆ ಆ ಪ್ರಮಾಣಪತ್ರ ಏನನ್ನು ಕಾಯುತ್ತಿದೆ?

ಈ ಆಕ್ಷೇಪ ಹೊಸದೇನಲ್ಲ. ಬಿಟ್‌ಕಾಯಿನ್ ಡೆವಲಪರ್ ಆಗಿದ್ದ ಮೈಕ್ ಹರ್ನ್ 2015ರಲ್ಲೇ ಇದನ್ನು ಎತ್ತಿದ್ದರು. ವಿಟಾಲಿಕ್ ಬುಟೆರಿನ್ 2017ರಲ್ಲಿ, ಬಲವಂತ ಹೆಚ್ಚಿರುವುದು ಸಾಫ್ಟ್ ಫೋರ್ಕ್‌ನಲ್ಲೇ ಎಂದು ಬರೆದರು. ಹರ್ನ್ ಬ್ಲಾಕ್ ಗಾತ್ರ ಹೆಚ್ಚಿಸಬೇಕೇ ಎಂಬ ಜಗಳದಲ್ಲಿ ಸೋತ ಪಕ್ಷದಲ್ಲಿದ್ದರು, 2016ರ ಜನವರಿಯಲ್ಲಿ ಬಿಟ್‌ಕಾಯಿನ್ ಬಿಟ್ಟೇ ಹೋದರು. ಬುಟೆರಿನ್ ಇಥೀರಿಯಮ್ ಎಂಬ ಬೇರೆ ಸರಪಳಿಯವರು. ಸೋತವರ ಮಾತು, ಪರಕೀಯರ ಮಾತು ಎಂಬ ಕಾರಣಕ್ಕೆ ವಾದವನ್ನೇ ಕಸದ ಬುಟ್ಟಿಗೆ ಹಾಕಿದ್ದು ಬಿಟ್‌ಕಾಯಿನ್ ಸಮುದಾಯ ತನಗೆ ತಾನೇ ಮಾಡಿಕೊಂಡ ಅನ್ಯಾಯ. ಹರ್ನ್ ಬ್ಲಾಕ್ ಗಾತ್ರದ ಬಗ್ಗೆ ಹೇಳಿದ್ದು ತಪ್ಪಿರಬಹುದು. ಹಳೆಯ ನೋಡ್ ಬಗ್ಗೆ ಹೇಳಿದ್ದು ಸರಿಯಾಗಿತ್ತು.

ಇನ್ನೊಂದು ದೋಷದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಬಿಗಿ ಮಾಡಿದ ನಿಯಮವನ್ನು ಮತ್ತೆ ಸಡಿಲಿಸುವುದು ಹಾರ್ಡ್ ಫೋರ್ಕ್. ಎಂದರೆ ಸಾಫ್ಟ್ ಫೋರ್ಕ್ ಒಳಗೆ ಬರಲು ಬಾಗಿಲು ಸಲೀಸು, ಹೊರಗೆ ಹೋಗಲು ಬಾಗಿಲೇ ಇಲ್ಲ. ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಕಮೊಟೊ 2010ರಲ್ಲಿ ಬ್ಲಾಕ್ ಗಾತ್ರಕ್ಕೆ 1 ಎಂಬಿ ಮಿತಿ ಹಾಕಿದ್ದು ಸದ್ದಿಲ್ಲದೆ, ಒಂದೆರಡು ಸಾಲು ಕೋಡ್‌ನಲ್ಲಿ. ಅದನ್ನು ತೆಗೆಯುವುದೋ ಬಿಡುವುದೋ ಎಂಬ ಪ್ರಶ್ನೆ 2015ರಿಂದ 2017ರವರೆಗೆ ಇಡೀ ಸಮುದಾಯವನ್ನು ಸೀಳಿ, ಒಂದು ಹೊಸ ನಾಣ್ಯವನ್ನೇ ಹುಟ್ಟಿಸಿತು. ಅದೇ 2010ರಲ್ಲಿ ಓಪಿ_ಕ್ಯಾಟ್ ಸೇರಿದಂತೆ ಹಲವು ಸ್ಕ್ರಿಪ್ಟ್ ಆದೇಶಗಳನ್ನು ಭದ್ರತೆಯ ಕಾರಣಕ್ಕೆ ಸ್ಥಗಿತಗೊಳಿಸಲಾಯಿತು. ಅದರಲ್ಲೊಂದನ್ನು ಮರಳಿ ತರಬೇಕೆಂದು ಬೇಡುತ್ತಿರುವವರು ಇವತ್ತಿಗೂ ಬೇಡುತ್ತಲೇ ಇದ್ದಾರೆ. ಸುಲಭವಾಗಿ ಹಾಕಬಹುದು, ಕಷ್ಟಪಟ್ಟರೂ ತೆಗೆಯಲಾಗದು ಎಂಬ ಬದಲಾವಣೆಯನ್ನು ಸುರಕ್ಷಿತ ಎಂದು ಕರೆಯುವುದಕ್ಕೆ ಬದಲು ಅದರ ಮುಂದೆ ಹೆಚ್ಚು ಹೊತ್ತು ನಿಂತು ಯೋಚಿಸಬೇಕು.

ಹಾರ್ಡ್ ಫೋರ್ಕ್ ಹಾಗಾದರೆ ಹೂವಿನ ಹಾಸಿಗೆಯೇ? ಖಂಡಿತ ಅಲ್ಲ. 2016ರ ಜುಲೈ 20ರಂದು, ದಿ ಡಿಎಓ ಎಂಬ ನಿಧಿಯಿಂದ ಲೂಟಿಯಾದ ಹಣವನ್ನು ಹಿಂತಿರುಗಿಸಲು ಇಥೀರಿಯಮ್ ಹಾರ್ಡ್ ಫೋರ್ಕ್ ಮಾಡಿದಾಗ ಸರಪಳಿ ಎರಡಾಯಿತು. ಹಳೆಯದು ಇಥೀರಿಯಮ್ ಕ್ಲಾಸಿಕ್ ಎಂಬ ಹೆಸರಿನಲ್ಲಿ ಬದುಕುಳಿಯಿತು. ಒಂದು ಕಡೆ ಸಹಿ ಮಾಡಿದ ವಹಿವಾಟನ್ನು ಇನ್ನೊಂದು ಕಡೆ ಯಾರು ಬೇಕಾದರೂ ಮರುಪ್ರಸಾರ ಮಾಡಬಹುದಿತ್ತು. ಒಂದು ಸರಪಳಿಯಲ್ಲಿ ಹಣ ಕಳಿಸಿದವರು ಇನ್ನೊಂದರಲ್ಲೂ ಕಳೆದುಕೊಂಡರು. ಸಹಿಯೊಳಗೇ ಸರಪಳಿಯ ಗುರುತು ಸೇರಿಸುವ ಇಐಪಿ 155 ಬಂದದ್ದು ನವೆಂಬರ್‌ನಲ್ಲಿ, ನಾಲ್ಕು ತಿಂಗಳ ನಂತರ. ಅವಸರದ ಹಾರ್ಡ್ ಫೋರ್ಕ್ ಹಾನಿ ಮಾಡುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ರೀತಿ, ತುರ್ತಿನಲ್ಲಿ ಸಾಫ್ಟ್ ಫೋರ್ಕೇ ಸರಿಯಾದ ಮದ್ದಾಗಬಹುದು. 2010ರ ಆಗಸ್ಟ್ 15ರಂದು ಲೆಕ್ಕ ಉಕ್ಕಿ ಹರಿಯುವ ದೋಷವೊಂದರಿಂದ 74638ನೇ ಬ್ಲಾಕಿನಲ್ಲಿ 18,400 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಹುಟ್ಟಿಕೊಂಡಾಗ, ಕೆಲವೇ ಗಂಟೆಗಳಲ್ಲಿ ನಿಯಮ ಬಿಗಿ ಮಾಡಿ ಸರಪಳಿಯನ್ನು ಉಳಿಸಿದರು. ಅದನ್ನು ಯಾರು ತಪ್ಪೆಂದಾರು?

ಹಾರ್ಡ್ ಫೋರ್ಕನ್ನು ನೆಟ್ಟಗೆ ಮಾಡುವ ದಾರಿಯನ್ನು ಸತೋಶಿಯೇ 2010ರ ಅಕ್ಟೋಬರ್‌ನಲ್ಲಿ ತೋರಿಸಿದ್ದರು ಎಂಬುದನ್ನು ಮಾತ್ರ ಮರೆಯಬಾರದು. ಬಹಳ ಮುಂದಿನ ಬ್ಲಾಕ್ ಸಂಖ್ಯೆಯೊಂದನ್ನು ಈಗಲೇ ಕೋಡ್‌ನಲ್ಲಿ ಬರೆದಿಡುವುದು. ಆ ಸಂಖ್ಯೆ ಬರುವ ಹೊತ್ತಿಗೆ ಆ ಬದಲಾವಣೆಯಿಲ್ಲದ ಆವೃತ್ತಿಗಳು ಬಳಕೆಯಿಂದ ಹೋಗಿರುತ್ತವೆ. ದಿನಾಂಕ ಎಲ್ಲರಿಗೂ ಗೊತ್ತು, ಒಪ್ಪದವರಿಗೆ ಹೊರಗುಳಿಯುವ ಹಕ್ಕಿದೆ, ಯಾರ ಕಣ್ಣಿಗೂ ಬಟ್ಟೆ ಕಟ್ಟಬೇಕಿಲ್ಲ.

ಹಳೆಯ ನೋಡ್ ನಿಂತುಹೋದರೂ ಹಳೆಯ ವಹಿವಾಟು ಉಳಿಯಬಹುದು ಎಂಬುದಕ್ಕೆ ಒಂದು ಒಳ್ಳೆಯ ನಿದರ್ಶನ ಇಥೀರಿಯಮ್‌ನಲ್ಲೇ ಇದೆ. 2021ರ ಆಗಸ್ಟ್ 5ರ ಲಂಡನ್ ಹಾರ್ಡ್ ಫೋರ್ಕ್ ಅಲ್ಲಿನ ಶುಲ್ಕ ಪದ್ಧತಿಯನ್ನೇ ತಲೆಕೆಳಗು ಮಾಡಿತು. ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲಿ, ವಹಿವಾಟುಗಳಿಗೆ ಬಗೆಬಗೆಯ ವಿಧಗಳನ್ನು ಕೊಡುವ ವ್ಯವಸ್ಥೆ ಬಂದಿತ್ತು. ನವೀಕರಿಸದ ನೋಡ್‌ಗಳೆಲ್ಲ ಲಂಡನ್ ಫೋರ್ಕ್ ಆದ ದಿನ ನಿಂತವು. ಆದರೆ ಹಳೆಯ ವಾಲೆಟ್ ಹಳೆಯ ಶೈಲಿಯಲ್ಲೇ, ಗ್ಯಾಸ್ ಎಂಬ ಶುಲ್ಕದ ಅಳತೆಗೆ ಒಂದೇ ದರ ಬರೆದು ಸಹಿ ಮಾಡಿದ ವಹಿವಾಟು ಇವತ್ತಿಗೂ ಬ್ಲಾಕ್ ಸೇರುತ್ತದೆ. ಆ ಒಂದು ದರವನ್ನೇ ಗರಿಷ್ಠ ಶುಲ್ಕ ಎಂದೂ ಮೈನರ್‌ನ ಬಕ್ಷೀಸಿನ ಮಿತಿ ಎಂದೂ ಓದಿಕೊಳ್ಳುವಂತೆ ನಿಯಮ ಬರೆದರು. ರೂಢಿಯ ಪಾಠದ ಪ್ರಕಾರ ಇದು ಹಳೆಯದನ್ನು ಮುರಿದ ಬದಲಾವಣೆ. ಹಣ ಇಟ್ಟುಕೊಂಡವರ ಕಡೆಯಿಂದ ನೋಡಿದರೆ ಸೆಗ್‌ವಿಟ್‌ಗಿಂತ ಇದು ಹೆಚ್ಚು ಮರ್ಯಾದೆಯಿಂದ ನಡೆದುಕೊಂಡಿತು.

ಇಥೀರಿಯಮ್ ಯಾವಾಗಲೂ ಹೀಗೆ ನಡೆದುಕೊಂಡಿದೆ ಎನ್ನಲಾರೆ. 2019ರ ಡಿಸೆಂಬರ್‌ನ ಇಸ್ತಾಂಬುಲ್ ಬದಲಾವಣೆಯಲ್ಲಿ ಸಂಗ್ರಹದಿಂದ ಒಂದು ಬೆಲೆ ಓದುವ ಖರ್ಚನ್ನು 200ರಿಂದ 800 ಗ್ಯಾಸ್‌ಗೆ ಏರಿಸಿದರು. 2300 ಗ್ಯಾಸ್‌ನೊಳಗೆ ಹಣ ಸ್ವೀಕರಿಸುವಂತೆ ಬರೆದಿದ್ದ ಅರಾಗಾನ್‌ನಂಥ ಯೋಜನೆಗಳ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳಿಗೆ ಆ ಮಿತಿ ಸಾಲದಾಯಿತು. ಬರೆದ ಮೇಲೆ ಬದಲಿಸಲಾಗದು ಎಂಬ ಭರವಸೆಯ ಮೇಲೆ ಬರೆದ ಕೋಡ್, ಬರೆದವರ ತಪ್ಪಿಲ್ಲದೆ ಕೆಟ್ಟಿತು. ಫೋರ್ಕ್ ಯಾವ ಜಾತಿಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಯಾರ ಹಣಕ್ಕೆ ಏನಾಗುತ್ತದೆ ಎಂದು ಕೇಳಬೇಕು ಎಂಬುದಕ್ಕೆ ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು.

ಹಾಗೆ ಕೇಳಿದವರು ಬಿಟ್‌ಕಾಯಿನ್‌ನಲ್ಲೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. 2019ರಲ್ಲಿ ಡೆವಲಪರ್ ಮ್ಯಾಟ್ ಕೊರಾಲೊ ಹಳೆಯ ಕೊಳೆ ತೊಳೆಯುವ ಸಾಫ್ಟ್ ಫೋರ್ಕ್ ಒಂದನ್ನು ಮುಂದಿಟ್ಟರು. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಯಾರೂ ಬಳಸದಂತೆ ಕಾಣುವ ಓಪಿ_ಕೋಡ್‌ಸೆಪರೇಟರ್ ಎಂಬ ಆದೇಶವನ್ನು ನಿಷೇಧಿಸುವುದು ಅದರ ಒಂದು ಭಾಗ. ಸರಪಳಿಯಲ್ಲಿ ಅದರ ಬಳಕೆ ಹೆಚ್ಚುಕಡಿಮೆ ಕಾಣದು ಎಂಬ ಸಮರ್ಥನೆಗೆ ಬಂದ ಆಕ್ಷೇಪ ಗಂಭೀರವಾಗಿತ್ತು: ಸರಪಳಿಗೆ ಇನ್ನೂ ಬಾರದ ವಹಿವಾಟುಗಳ ಗತಿಯೇನು? ಯಾರೋ ಒಬ್ಬರು ಮಕ್ಕಳಿಗೆಂದು, ಇಂಥ ವರ್ಷದ ನಂತರವೇ ಚಲಿಸಬೇಕು ಎಂಬ ಕಾಲಮಿತಿ ಹಾಕಿ, ವಹಿವಾಟಿಗೆ ಸಹಿ ಮಾಡಿ, ಕೀಯನ್ನು ನಾಶ ಮಾಡಿ, ಆ ಸಹಿಯಾದ ವಹಿವಾಟನ್ನು ಮಾತ್ರ ಪೆಟ್ಟಿಗೆಯಲ್ಲಿ ಇಟ್ಟಿರಬಹುದು. ಅದರಲ್ಲಿ ಆ ಆದೇಶ ಇದ್ದರೆ ನಿಷೇಧ ಬಂದ ದಿನ ಆ ಹಣ ಮುಗಿಯಿತು. ಮತ್ತೆ ಸಹಿ ಮಾಡಲು ಕೀ ಇಲ್ಲ. ಅಂಥವರು ಇದ್ದಾರೆಯೇ ಎಂದು ಯಾವ ಅಂಕಿಅಂಶದಿಂದಲೂ ತಿಳಿಯಲಾಗದು. ತಿಳಿಯಲಾಗದು ಎಂಬುದೇ ಅವರನ್ನು ಕಾಪಾಡಬೇಕಾದ ಕಾರಣ. ಮುಂದೆ ಕೊರಾಲೊ ಮತ್ತು ಆಂಟ್ವಾನ್ ಪ್ವಾನ್ಸೊ ಅದೇ ಕೆಲಸವನ್ನು ಬಿಐಪಿ 54 ಎಂದು ಮರುರೂಪಿಸಿದಾಗ ಆ ನಿಷೇಧವನ್ನು ಕೈಬಿಟ್ಟು, ಒಂದು ವಹಿವಾಟಿನ ಹಳೆಯ ಶೈಲಿಯ ಸಹಿ-ಪರೀಕ್ಷೆಗಳಿಗೆ 2500ರ ಮಿತಿ ಹಾಕುವ ಹಾದಿ ಹಿಡಿದರು. ಪೆಟ್ಟಿಗೆಯಲ್ಲಿರಬಹುದಾದ ಆ ಒಂದು ವಹಿವಾಟಿಗಾಗಿ ಇಷ್ಟು ಯೋಚಿಸಿದ್ದು ಹೊಂದಾಣಿಕೆಯ ನಿಜವಾದ ಕೆಲಸ. ರೂಢಿಯ ಪಾಠದಲ್ಲಿ ಇದಕ್ಕೆ ಜಾಗವೇ ಇಲ್ಲ, ಏಕೆಂದರೆ ಅದರ ಪ್ರಕಾರ 2019ರ ಪ್ರಸ್ತಾಪವೂ ‘ಹೊಂದಿಕೊಳ್ಳುವ’ ಸಾಫ್ಟ್ ಫೋರ್ಕೇ ಆಗಿತ್ತು.

ಇದನ್ನೆಲ್ಲ ಈಗ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕ್ವಾಂಟಮ್ ಕಂಪ್ಯೂಟರ್ ಬಂದರೆ ಬಿಟ್‌ಕಾಯಿನ್‌ನ ಇಂದಿನ ಸಹಿಗಳನ್ನು ನಕಲು ಮಾಡಬಹುದು ಎಂಬ ಭಯ ವಾಸ್ತವದ್ದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲೇ ಕ್ವಾಂಟಮ್ ದಾಳಿ ತಡೆಯುವ ಸಹಿ ಮಾನಕಗಳನ್ನು ಅಂತಿಮಗೊಳಿಸಿದೆ. 2025ರ ಜುಲೈನಲ್ಲಿ ಜೇಮ್ಸನ್ ಲಾಪ್ ಮತ್ತು ಸಂಗಡಿಗರು ಒಂದು ಪ್ರಸ್ತಾಪ ಮುಂದಿಟ್ಟರು. ಹೊಸ ಬಗೆಯ ವಿಳಾಸ ಬಂದು ಮೂರು ವರ್ಷವಾದ ಮೇಲೆ ಹಳೆಯ ವಿಳಾಸಗಳಿಗೆ ಹಣ ಕಳಿಸುವಂತಿಲ್ಲ. ಅದಾಗಿ ಎರಡು ವರ್ಷಕ್ಕೆ ಹಳೆಯ ಸಹಿಯೇ ಅಮಾನ್ಯ. ಅಷ್ಟರೊಳಗೆ ಹಣ ಸಾಗಿಸದವರ ಹಣ ಅಲ್ಲೇ ಗಟ್ಟಿಯಾಗುತ್ತದೆ. ಕೀಯನ್ನು ಮರಳಿ ಪಡೆಯಲು ಬರೆದಿಟ್ಟುಕೊಳ್ಳುವ ಬೀಜಪದಗಳ ಪುರಾವೆ ಕೊಟ್ಟು ಬಿಡಿಸಿಕೊಳ್ಳುವ ಸಾಧ್ಯತೆಯನ್ನೂ ಮುಂದಿನ ಹಂತವಾಗಿ ಯೋಚಿಸಿದ್ದಾರೆ. ಆದರೆ ಬೀಜಪದಗಳ ಮಾನಕ ಬಂದದ್ದು 2013ರಲ್ಲಿ, ಅದಕ್ಕಿಂತ ಹಿಂದಿನ ಕೀಗಳಿಗೆ ಆ ದಾರಿಯೂ ಇಲ್ಲ. ನಾಲ್ಕು ವರ್ಷ ಹಿಂದೆ ಬಿಟ್‌ಕಾಯಿನ್‌ಗೆ ಬಂದವರಿಗೆ ಆ ದಾರಿ ಇದೆ, ಮೊದಲ ದಿನಗಳಲ್ಲಿ ನಂಬಿ ಬಂದವರಿಗೆ ಇಲ್ಲ.

ಈ ಪ್ರಸ್ತಾಪ ತಾಂತ್ರಿಕವಾಗಿ ಯಾವ ಜಾತಿಯದು? ನಿನ್ನೆ ಸರಿಯಾಗಿದ್ದ ಸಹಿಯನ್ನು ನಾಳೆ ತಪ್ಪು ಎನ್ನುವುದು ಬಿಗಿ ಮಾಡುವುದು. ಆದ್ದರಿಂದ ಇದು ಸಾಫ್ಟ್ ಫೋರ್ಕ್. ಲಕ್ಷಾಂತರ ನಾಣ್ಯಗಳನ್ನು ಅವುಗಳ ಒಡೆಯರ ಕೈಯಲ್ಲಿ ಸರಿಯಾದ ಕೀ ಇದ್ದರೂ ಚಲಿಸದಂತೆ ಮಾಡುವ ನಿಯಮಕ್ಕೂ ಹಳೆಯ ನೋಡ್ ತಲೆಯಾಡಿಸುತ್ತದೆ. ನಮ್ಮ ದೇಶದಲ್ಲಿ 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳನ್ನು ರದ್ದು ಮಾಡಿದಾಗ, ಅದು ಬೇಕಿತ್ತೋ ಬೇಡವೋ ಎಂದು ಜನ ಜಗಳವಾಡಿದರು. ಗಡುವು ಮುಗಿದ ಮೇಲೆ ಸೀರೆಯ ಮಡಿಕೆಯಲ್ಲಿ ಸಿಕ್ಕಿದ ನೋಟು ಕಾಗದವಾಯಿತು ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಹಳೆಯ ನೋಟಿಗೆ ಏನೂ ಆಗಿಲ್ಲ ಎಂದು ಯಾರೂ ಹೇಳಲಿಲ್ಲ.

ಹಳೆಯ ಸಹಿಯನ್ನು ನಿಲ್ಲಿಸುವುದು ಸರಿಯೋ ತಪ್ಪೋ ಎಂಬುದು ದೊಡ್ಡ ಚರ್ಚೆ. ನಿಲ್ಲಿಸದಿದ್ದರೆ ಕದಿಯುವವರು ದೋಚುತ್ತಾರೆ, ನಿಲ್ಲಿಸಿದರೆ ನಾವೇ ಮುಟ್ಟುಗೋಲು ಹಾಕಿದಂತೆ. ಎರಡೂ ಕಡೆ ಸಜ್ಜನರಿದ್ದಾರೆ. ನನ್ನ ಒಲವು ಮುಟ್ಟದೆ ಬಿಡುವ ಕಡೆಗಿದೆ. ಕಳ್ಳರು ಕದ್ದರೆ ಅದು ಕಳ್ಳರ ಅಪರಾಧ, ನಿಯಮವೇ ಕಸಿದರೆ ನಿಯಮದ ಮೇಲಿನ ನಂಬಿಕೆಯೇ ಹೋಗುತ್ತದೆ. ಆ ಚರ್ಚೆಯನ್ನು ಆ ಮಟ್ಟದಲ್ಲೇ, ಮುಖಕ್ಕೆ ಮುಖ ಕೊಟ್ಟು ನಡೆಸಬೇಕು. ಸಾಫ್ಟ್ ಫೋರ್ಕ್ ಆದ್ದರಿಂದ ಹಳೆಯದಕ್ಕೆ ಧಕ್ಕೆಯಿಲ್ಲ ಎಂಬ ಮಾತಿನ ಮರೆಯಲ್ಲಿ ನಡೆಸಕೂಡದು.

ಬಿಟ್‌ಕಾಯಿನ್ ಪ್ರಸ್ತಾವಗಳ ಕಟ್ಟಳೆಯಲ್ಲೇ, ಹಳೆಯದರ ಜೊತೆ ಹೊಂದದ ಅಂಶ ಏನಾದರೂ ಇದ್ದರೆ ಅದನ್ನೂ ಅದರ ತೀವ್ರತೆಯನ್ನೂ ವಿವರಿಸಿ, ನಿಭಾಯಿಸುವ ಬಗೆಯನ್ನು ಹೇಳಬೇಕು ಎಂದಿದೆ. ಆ ಭಾಗದಲ್ಲಿ ‘ಇದು ಸಾಫ್ಟ್ ಫೋರ್ಕ್’ ಎಂಬ ಒಂದು ಸಾಲನ್ನು ಉತ್ತರವೆಂದು ಒಪ್ಪುವುದನ್ನು ನಿಲ್ಲಿಸಬೇಕು. ನವೀಕರಿಸದ ನೋಡ್ ಯಾವುದನ್ನು ಪರೀಕ್ಷಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಸಹಿ ಮಾಡಿಟ್ಟ ಯಾವ ವಹಿವಾಟು ಸಾಯುತ್ತದೆ, ಯಾವ ಕಾಲದ ಯಾವ ಬಗೆಯ ನಾಣ್ಯ ಚಲಿಸಲಾರದೆ ನಿಲ್ಲುತ್ತದೆ, ನಿಯಮ ತಪ್ಪೆಂದು ಗೊತ್ತಾದರೆ ಹಿಂದಕ್ಕೆ ಹೋಗುವ ದಾರಿ ಯಾವುದು ಎಂದು ಬರೆಯದ ಪ್ರಸ್ತಾವವನ್ನು, ಬರೆದವರು ಎಷ್ಟೇ ದೊಡ್ಡವರಿರಲಿ, ವಾಪಸು ಕಳಿಸಬೇಕು. ನೀವು ನೋಡ್ ನಡೆಸುವವರಾದರೆ ಮುಂದಿನ ನವೀಕರಣದ ಗುಂಡಿ ಒತ್ತುವ ಮುನ್ನ ಆ ಭಾಗವನ್ನು ಓದಿ. ಉತ್ತರ ಅಲ್ಲಿಲ್ಲದಿದ್ದರೆ ಕೇಳಿ.